ಸೇಂಟ್ ಜಾರ್ಜ್ ಇಳಿಜಾರು ಮ್ಯಾರಥಾನ್‌ಗೆ ನಂದಿಬೆಟ್ಟದ ತಯಾರಿ ಸಾಕಾ?

ಶಿಡ್ಲಘಟ್ಟ ರನ್ನರ್:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ಶನಿವಾರ ಅಮೆರಿಕದ ಯೂಟಾ ರಾಜ್ಯದಲ್ಲಿ ನಡೆಯೋ ಸೇಂಟ್ ಜಾರ್ಜ್ ಮ್ಯಾರಥಾನ್‌ಗೆ ಹೋಗೋದು ಅಂತ ತೀರ್ಮಾನ ಆಗಿದೆ. ಬೆಟ್ಟದ ಮೇಲಿಂದ ಊರಿಗೆ ಇಳಿದು ಬರೋ ಓಟ, ದಾರಿಯಲ್ಲಿ ಕೆಂಪು ಬಂಡೆ, ಕಪ್ಪು ಲಾವಾ ಕಲ್ಲು. ವಯಸ್ಸು 46, ಸಮತಟ್ಟು ರಸ್ತೆಯಲ್ಲಿ ಮ್ಯಾರಥಾನ್ ಸಮಯ 3:32, ಅಂದ್ರೆ 3 ಗಂಟೆ 32 ನಿಮಿಷ. ತಯಾರಿಗೆ 14 ವಾರ ಇದೆ.

ನಂದಿಬೆಟ್ಟ ಹತ್ತಿರಾನೇ ಇದೆಯಲ್ಲ, ಪ್ರತಿ ಭಾನುವಾರ ಮೇಲಿಂದ ಕೆಳಕ್ಕೆ ಜೋರಾಗಿ ಓಡಿದ್ರೆ ಸಾಕು ಅಂತ ಗುಂಪಲ್ಲಿ ಕೆಲವರು ಹೇಳ್ತಾರೆ. ಅದೆಲ್ಲ ಬೇಡ, ಮಂಡಿ ಹೋಗತ್ತೆ, ಇಳಿಜಾರು ತಾನೇ ಎಳ್ಕೊಂಡು ಹೋಗತ್ತೆ ಅಂತ ಇನ್ನು ಕೆಲವರು. ಯಾವುದು ಸರಿ? ಇಳಿಜಾರಿನ ಲಾಭದಲ್ಲಿ ಬಾಸ್ಟನ್ ಮ್ಯಾರಥಾನ್‌ಗೆ ಸೇರೋಕೆ ಬೇಕಾದ ಅರ್ಹತಾ ಸಮಯ ಸಿಗಬಹುದಾ? ಶೂ, ಚಳಿ, ಊಟ, ಗಡಿಯಾರದ ವ್ಯತ್ಯಾಸ ಇವುಗಳಲ್ಲಿ ಏನೇನು ನೋಡ್ಕೋಬೇಕು? ಗೊತ್ತಿರೋರು ಬಿಡಿಸಿ ಬರೀರಿ.

ತುಮಕೂರು ಪೇಸರ್:

ಸರ್, ಮೊದಲು ಲೆಕ್ಕ ನೋಡೋಣ, ಆಮೇಲೆ ಅಭಿಪ್ರಾಯ.

ಓಟ ಶುರುವಾಗೋದು ಸುಮಾರು 5,240 ಅಡಿಯಲ್ಲಿ, ಅಂದ್ರೆ 1,597 ಮೀಟರ್. ಮುಗಿಯೋದು ಸುಮಾರು 2,680 ಅಡಿಯಲ್ಲಿ, 817 ಮೀಟರ್. ನಂದಿಬೆಟ್ಟದ ತುದಿ 1,478 ಮೀಟರ್ ಅಲ್ವಾ, ಅದಕ್ಕಿಂತ ನೂರಿಪ್ಪತ್ತು ಮೀಟರ್ ಮೇಲೆ ಶುರು, ನಮ್ಮ ತುಮಕೂರು, ಕೋಲಾರದ ಎತ್ತರಕ್ಕೆ ಮುಕ್ತಾಯ. ಹಾಗಾಗಿ ಎತ್ತರದಿಂದ ಉಸಿರು ಕಟ್ಟತ್ತೆ ಅನ್ನೋ ಚಿಂತೆ ಬಿಟ್ಟುಬಿಡಿ. ಒಟ್ಟು ಇಳಿತ 780 ಮೀಟರ್, ದೂರ 42.2 ಕಿ.ಮೀ. ಸರಾಸರಿ ಇಳಿಜಾರು ಶೇ. 1.85.

ಈಗ ನಂದಿಯನ್ನ ನೋಡಿ. ತಪ್ಪಲಿನ ಚೆಕ್‌ಪೋಸ್ಟ್‌ನಿಂದ ತುದಿವರೆಗಿನ ಏಳೆಂಟು ಕಿ.ಮೀ. ರಸ್ತೆ ಹೆಚ್ಚುಕಡಿಮೆ ಶೇ. 5ರಿಂದ 6. ನೀವು ಓಡಬೇಕಾದ ದಾರಿಗಿಂತ ಮೂರು ಪಟ್ಟು ಕಡಿದು. ಶೇ. 6ರಲ್ಲಿ ಓಡೋವಾಗ ನೀವು ಓಡೋದಕ್ಕಿಂತ ತಡೆಯೋದೇ ಜಾಸ್ತಿ, ಪ್ರತಿ ಹೆಜ್ಜೆಗೂ ಬ್ರೇಕ್. ಶೇ. 2ರಲ್ಲಿ ಬ್ರೇಕ್ ಬೇಕಾಗಲ್ಲ, ಕಾಲು ಬೇಗಬೇಗ ತಿರುಗಬೇಕು ಅಷ್ಟೇ. ಎರಡೂ ಬೇರೆಬೇರೆ ಕೆಲಸ. ನಂದಿಯಲ್ಲಿ ಮಾತ್ರ ತಯಾರಾದವರ ತೊಡೆ ಗಟ್ಟಿಯಾಗಿರತ್ತೆ ನಿಜ, ಆದ್ರೆ ಕಿ.ಮೀ.ಗೆ 4:50 ನಿಮಿಷದ ವೇಗದಲ್ಲಿ ಗಂಟೆಗಟ್ಟಲೆ ಸರಾಗವಾಗಿ ಉರುಳ್ಕೊಂಡು ಹೋಗೋ ಅಭ್ಯಾಸ ಆಗಿರಲ್ಲ. ಹಾಗಾಗಿ ನಂದಿ ಬೇಕು, ಆದ್ರೆ ಪ್ರತಿ ಭಾನುವಾರ ಬೇಡ. ಮುಖ್ಯ ಅಭ್ಯಾಸ ಸಣ್ಣ ಇಳಿಜಾರಿನ ಉದ್ದನೆ ರಸ್ತೆಯಲ್ಲಿ ಆಗಬೇಕು.

ಬಾಸ್ಟನ್ ವಿಷಯ. 45ರಿಂದ 49ರ ಪುರುಷರಿಗೆ ಅರ್ಹತಾ ಸಮಯ 3:15. ಬಾಸ್ಟನ್‌ನವರು 2027ರ ಓಟದಿಂದ ಇಳಿಜಾರು ದಾರಿಗಳಿಗೆ ದಂಡ ಹಾಕೋಕೆ ಶುರು ಮಾಡಿದ್ದಾರೆ. ನಿವ್ವಳ ಇಳಿತ 1,500ರಿಂದ 2,999 ಅಡಿ ಇದ್ರೆ ನಿಮ್ಮ ಸಮಯಕ್ಕೆ 5 ನಿಮಿಷ ಸೇರಿಸ್ತಾರೆ, 3,000ದಿಂದ 5,999 ಅಡಿ ಇದ್ರೆ 10 ನಿಮಿಷ, 6,000 ಮತ್ತು ಅದಕ್ಕೂ ಮೇಲೆ ಇದ್ರೆ ಆ ಓಟವನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಸೇಂಟ್ ಜಾರ್ಜ್ 2,560 ಅಡಿ, ಮೊದಲನೇ ಗುಂಪು. ಅಂದ್ರೆ ನೀವು 3:10ರೊಳಗೆ ಬರಬೇಕು. ಅದೂ ಸಾಲಲ್ಲ, ಅರ್ಜಿ ಜಾಸ್ತಿಯಾದಾಗ ಕಟ್‌ಆಫ್ ಇಳೀತಾ ಹೋಗತ್ತೆ. 2025ರಲ್ಲಿ ಅರ್ಹತಾ ಸಮಯಕ್ಕಿಂತ 6 ನಿಮಿಷ 51 ಸೆಕೆಂಡ್, 2026ರಲ್ಲಿ 4 ನಿಮಿಷ 34 ಸೆಕೆಂಡ್ ಬೇಗ ಓಡಿದವರಿಗಷ್ಟೇ ಜಾಗ ಸಿಕ್ಕಿತ್ತು. ಅಲ್ಲಿಗೆ ನಿಮಗೆ ಬೇಕಾಗಿರೋದು ಹೆಚ್ಚುಕಡಿಮೆ 3:05.

ಇಳಿಜಾರಿನಿಂದ ಸಿಗೋದು ಎಷ್ಟು? ಕೋಚ್‌ಗಳು ಬಳಸೋ ಅಂದಾಜು ಏನಂದ್ರೆ ಶೇ. 1 ಇಳಿಜಾರಿಗೆ ಮೈಲಿಗೆ 8 ಸೆಕೆಂಡ್ ಲಾಭ, ಶೇ. 1 ಏರಿಗೆ 12ರಿಂದ 15 ಸೆಕೆಂಡ್ ನಷ್ಟ. ಲಾಭ ನಷ್ಟ ಸಮ ಅಲ್ಲ, ಇದನ್ನ ನೆನಪಿಟ್ಕೊಳ್ಳಿ. ಕಿ.ಮೀ.ಗೆ 5 ಸೆಕೆಂಡ್ ಅಂತ ಹಿಡಿದ್ರೆ 1.85 ಇಂಟು 5 ಇಂಟು 42, ಆರೂವರೆ ನಿಮಿಷ. ನಡುವೆ ಇರೋ ಏರುಗಳು ಅದರಲ್ಲಿ ಒಂದಿಷ್ಟು ವಾಪಸ್ ಕಿತ್ಕೊಳ್ತವೆ. ಕೊನೆಯಲ್ಲಿ ತೊಡೆ ಕೈಕೊಟ್ರೆ ಉಳಿದಿದ್ದೂ ಹೋಯ್ತು. ನಿಮ್ಮ 3:32ಕ್ಕೆ 3:28ರಿಂದ 3:30 ಅನ್ನೋದು ನ್ಯಾಯವಾದ ಗುರಿ. ಬಾಸ್ಟನ್ ಲೆಕ್ಕ ಈ ಸಲ ಬಿಡಿ, ದಾರಿ ಚೆನ್ನಾಗಿದೆ, ನೋಡ್ಕೊಂಡು ಓಡಿ.

ಅಂದಹಾಗೆ ಬಾಸ್ಟನ್ ದಾರಿಯೇ ಸುಮಾರು 140 ಮೀಟರ್ ಇಳಿಯತ್ತೆ. ವಿಶ್ವದಾಖಲೆಗೆ ಕಿ.ಮೀ.ಗೆ 1 ಮೀಟರ್‌ಗಿಂತ ಜಾಸ್ತಿ ಇಳಿತ ಇರಬಾರದು, ಶುರು ಮತ್ತು ಕೊನೆಯ ನಡುವೆ ನೇರ ದೂರ ಓಟದ ಅರ್ಧಕ್ಕಿಂತ ಹೆಚ್ಚಿರಬಾರದು. 2011ರಲ್ಲಿ ಜೆಫ್ರಿ ಮುಟಾಯ್ ಅಲ್ಲಿ ಓಡಿದ 2:03:02 ದಾಖಲೆ ಆಗದೇ ಉಳಿದಿದ್ದು ಇದಕ್ಕೇ. ಆ ಬಾಸ್ಟನ್‌ನವರೇ ಈಗ ಬೇರೆಯವರ ಇಳಿಜಾರಿಗೆ ದಂಡ ಹಾಕ್ತಿದ್ದಾರೆ, ಇರಲಿ.

ಕೋಲಾರ ಫಿಸಿಯೋ:

ಪೇಸರ್ ಅವರು ಹೇಳಿದ ಲೆಕ್ಕಕ್ಕೆ ಸ್ನಾಯುವಿನ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗಿ ಕೆಲಸ ಮಾಡತ್ತೆ. ಇಳಿಯುವಾಗ ಅದೇ ಸ್ನಾಯು ಉದ್ದ ಆಗ್ತಾ ಭಾರ ತಡೆಯತ್ತೆ. ಈ ಎರಡನೇ ರೀತಿಯಲ್ಲಿ ಉಸಿರು, ಎದೆಬಡಿತ ಕಡಿಮೆ, ಆದ್ರೆ ಸ್ನಾಯುವಿನ ಎಳೆಗಳಿಗೆ ಆಗೋ ಹಾನಿ ಜಾಸ್ತಿ. ಅದಕ್ಕೇ ಇಳಿಜಾರು ಮೋಸ ಮಾಡತ್ತೆ. ವಾಚ್‌ನಲ್ಲಿ ಎದೆಬಡಿತ ಕಡಿಮೆ ತೋರಿಸ್ತಾ ಇರತ್ತೆ, ಚೆನ್ನಾಗಿದ್ದೀನಿ ಅನ್ಕೊಂಡು ವೇಗ ಏರಿಸ್ತೀರಿ, 30 ಕಿ.ಮೀ. ದಾಟಿದ ಮೇಲೆ ತೊಡೆ ಕಲ್ಲಾಗತ್ತೆ. ಆಗ ಜೆಲ್ (ಓಡ್ತಾ ಶಕ್ತಿಗೆ ತಿನ್ನೋ ಸಿಹಿ ಪಾಕದ ಪೊಟ್ಟಣ) ತಿಂದ್ರೂ ಸರಿ ಹೋಗಲ್ಲ, ಯಾಕಂದ್ರೆ ಖಾಲಿಯಾಗಿರೋದು ಇಂಧನ ಅಲ್ಲ.

ಒಳ್ಳೇದು ಏನಂದ್ರೆ ಈ ಹಾನಿಗೆ ದೇಹ ಬೇಗ ಒಗ್ಗಿಕೊಳ್ಳತ್ತೆ. ಒಂದು ಸಲ ಇಳಿಜಾರು ಓಡಿ ನೋವು ಬಂದು ವಾಸಿಯಾದ ಮೇಲೆ, ಅದೇ ಓಟ ಮತ್ತೆ ಮಾಡಿದ್ರೆ ನೋವು ತುಂಬಾ ಕಡಿಮೆ. ಈ ರಕ್ಷಣೆ ಕೆಲವು ವಾರಗಳ ಕಾಲ ಉಳಿಯತ್ತೆ. ಹಾಗಾಗಿ ವಾರವಾರವೂ ತೊಡೆ ಹಿಂಡೋ ಅವಶ್ಯಕತೆಯೇ ಇಲ್ಲ. ಹತ್ತು ದಿನಕ್ಕೊಂದು ಇಳಿಜಾರು ಓಟ ಸಾಕು. ನೋವು ಜೋರಾಗೋದು 24ರಿಂದ 72 ಗಂಟೆಯ ನಡುವೆ, ಅಂದ್ರೆ ಭಾನುವಾರ ಓಡಿದ್ರೆ ಮಂಗಳವಾರ ಮೆಟ್ಟಿಲು ಇಳಿಯೋದು ಕಷ್ಟ. ಮಂಗಳವಾರವೇ ಟ್ರ್ಯಾಕ್‌ನಲ್ಲಿ ವೇಗದ ಓಟ ಇಟ್ಕೊಂಡಿರೋರು ಅದನ್ನ ಗುರುವಾರಕ್ಕೆ ತಳ್ಳಬೇಕು.

ನಿಮ್ಮ 14 ವಾರಕ್ಕೆ ಹೀಗೆ ಮಾಡಬಹುದು. ಮೊದಲ ಮೂರು ವಾರ ಇಳಿಜಾರು ಓಟವೇ ಬೇಡ, ಬರೀ ಬಲದ ವ್ಯಾಯಾಮ, ವಾರಕ್ಕೆ ಎರಡು ದಿನ. ಮನೆ ಮೆಟ್ಟಿಲು ಸುಮಾರು 20 ಸೆಂ.ಮೀ. ಇದ್ರೆ ಸಾಕು. ಒಂದು ಕಾಲಲ್ಲಿ ಮೆಟ್ಟಿಲ ತುದಿಯಲ್ಲಿ ನಿಂತು ಇನ್ನೊಂದು ಹಿಮ್ಮಡಿ ನೆಲ ಮುಟ್ಟೋವರೆಗೆ ಮೂರು ಎಣಿಸ್ತಾ ಇಳಿಯೋದು, ನೆಲಕ್ಕೆ ಭಾರ ಬಿಡದೆ ಮೇಲೇಳೋದು. ಕಾಲಿಗೆ 10, ಮೂರು ಸುತ್ತು. ಇಳಿಯುವಾಗ ಮಂಡಿ ಒಳಗಡೆ ವಾಲಬಾರದು, ಕನ್ನಡಿ ಮುಂದೆ ಮಾಡಿ. ಮೀನಖಂಡಕ್ಕೆ ಎರಡು ಕಾಲಲ್ಲಿ ತುದಿಗಾಲ ಮೇಲೆ ಏರಿ ಒಂದು ಕಾಲಲ್ಲಿ ನಿಧಾನವಾಗಿ ಹಿಮ್ಮಡಿ ಇಳಿಸೋದು, 15, ಮೂರು ಸುತ್ತು. ಜೊತೆಗೆ ಒಂದು ಕಾಲು ಹಿಂದೆ ಬೆಂಚಿನ ಮೇಲಿಟ್ಟು ಬಸ್ಕಿ. ಬಲ ಬಂದ ಮೇಲೆ ಕೈಲಿ ಐದೈದು ಕೆ.ಜಿ. ಹಿಡೀರಿ.

ನಾಲ್ಕನೇ ವಾರದಿಂದ ಇಳಿಜಾರು. ಮೊದಲ ಸಲ ಒಟ್ಟು 3 ಕಿ.ಮೀ. ಮಾತ್ರ, ಆರಾಮ ವೇಗ. ಆಮೇಲೆ ಪ್ರತಿ ಸಲ ಎರಡೆರಡು ಕಿ.ಮೀ. ಏರಿಸಿ. 11ನೇ ವಾರ ದೊಡ್ಡದು, ಓಟಕ್ಕೆ ಮೂರು ವಾರ ಮುಂಚೆ. ಅದೇ ಕೊನೆಯ ಗಟ್ಟಿ ಇಳಿಜಾರು.

ಹೆಜ್ಜೆ ಬಗ್ಗೆ. ಹೆಜ್ಜೆ ಚಿಕ್ಕದು ಮಾಡಿ, ನಿಮಿಷಕ್ಕೆ ಬೀಳೋ ಹೆಜ್ಜೆಗಳನ್ನ ಶೇ. 5ರಿಂದ 10 ಏರಿಸಿ. 168 ಇದ್ರೆ 176ರಿಂದ 185. ಇಷ್ಟಕ್ಕೇ ಮಂಡಿ ಮೇಲಿನ ಹೊರೆ ಸಾಕಷ್ಟು ಇಳಿಯತ್ತೆ. ಹಿಮ್ಮಡಿ ಮೊದಲೋ ಮುಂಗಾಲು ಮೊದಲೋ ಅಂತ ತಲೆ ಕೆಡಿಸ್ಕೋಬೇಡಿ, ಪಾದ ದೇಹದ ಕೆಳಗೆ ಬೀಳ್ತಾ ಇದೆಯಾ ಅಂತ ನೋಡಿ. ದೇಹದ ಮುಂದೆ ಚಾಚಿ ಬಿದ್ರೆ ಅದು ಬ್ರೇಕ್. ಸೊಂಟದಿಂದ ಹಿಂದಕ್ಕೆ ವಾಲೋದು ಎಲ್ಲರೂ ಮಾಡೋ ತಪ್ಪು, ಭಯಕ್ಕೆ ಆಗತ್ತೆ. ಪಾದದ ಕೀಲಿನಿಂದ ಒಂಚೂರು ಮುಂದಕ್ಕೆ ವಾಲಿ, ಕೈ ಅಗಲ ಬಿಟ್ಟು ಸಮತೋಲ ನೋಡ್ಕೊಳ್ಳಿ.

ಎರಡೂ ತೊಡೆಯಲ್ಲಿ ಸಮನಾಗಿ ನೋವಿದ್ರೆ ಸಹಜ. ಮಂಡಿಯ ಹೊರಬದಿಯಲ್ಲಿ ಚುಚ್ಚಿದ ಹಾಗೆ ನೋವು, ಅದೂ ಇಳಿಯುವಾಗ ಮಾತ್ರ, ಒಂದೇ ಕಾಲಲ್ಲಿ ಬಂದ್ರೆ ಅಲ್ಲಿಗೆ ನಿಲ್ಲಿಸಿ. ತೊಡೆಯ ಹೊರಪಟ್ಟಿಯ ಉರಿ ಅದು, ಓಡ್ತಾ ಓಡ್ತಾ ವಾಸಿಯಾಗೋ ಜಾತಿಯದಲ್ಲ.

ಸುಲ್ತಾನ್‌ಪೇಟೆ ಮೆಟ್ಲು:

ಫಿಸಿಯೋ ಮೇಡಂ ಹೇಳಿದ್ದು ಸರಿ, ನಾನು ಜಾಗದ ವಿಷಯ ಹೇಳ್ತೀನಿ. ನಂದಿಗೆ ಶನಿವಾರ ಭಾನುವಾರ ಹೋಗ್ಲೇಬೇಡಿ. ಸೂರ್ಯೋದಯ ನೋಡೋಕೆ ಬೆಂಗಳೂರಿಂದ ಬರೋ ಕಾರು ಬೈಕು ಒಂದರ ಹಿಂದೆ ಒಂದು ಹತ್ತುತ್ತಾ ಇರ್ತವೆ. ವಾರಾಂತ್ಯದ ನಿರ್ಬಂಧ, ಗೇಟಿನ ಸಮಯ ಆಗಾಗ ಬದಲಾಗ್ತಾನೂ ಇರತ್ತೆ. ಬುಧವಾರ ಗುರುವಾರ ಬೆಳಿಗ್ಗೆ ಆದ್ರೆ ರಸ್ತೆ ನಿಮ್ದೇ.

ಗಾಡಿ ಕೆಳಗೆ ಬಿಟ್ಟು ನಡ್ಕೊಂಡೇ ಹತ್ತಿ. ಹತ್ತೋದು ಎದೆಗೆ ಕೆಲಸ, ಇಳಿಯೋದು ತೊಡೆಗೆ. ಗಾಡಿಯಲ್ಲಿ ಮೇಲೆ ಹೋಗಿ ತಣ್ಣಗಿರೋ ಕಾಲಲ್ಲಿ ಶೇ. 6 ಇಳಿಜಾರಿಗೆ ಬಿಟ್ರೆ ಮೀನಖಂಡ ಹಿಡ್ಕೊಳತ್ತೆ.

ಇಳಿಯುವಾಗ ರಸ್ತೆಯ ಬಲಗಡೆ ಇರಿ, ಎದುರಿಗೆ ಬರೋ ಗಾಡಿ ಕಾಣತ್ತೆ. ಆದ್ರೆ ಬಲಕ್ಕೆ ತಿರುಗೋ ಕಡಿದಾದ ತಿರುವಿನಲ್ಲಿ ಒಳಬದಿಗೆ ಅಂಟ್ಕೊಂಡು ಹೋಗಬೇಡಿ. ಹತ್ತೋ ಡ್ರೈವರು ಅದೇ ಒಳಬದಿ ಹಿಡ್ಕೊಂಡು ಬರ್ತಾನೆ, ಅವನಿಗೆ ನೀವು ಕಾಣಲ್ಲ, ನಿಮಗೆ ಅವನು ಕಾಣಲ್ಲ. ತಿರುವಿಗೆ ಮೂವತ್ತು ಮೀಟರ್ ಮೊದಲೇ ಹಿಂದೆ ಮುಂದೆ ನೋಡಿ ಹೊರಬದಿಗೆ ದಾಟಿ, ತಿರುವು ಕಳೆದ ಮೇಲೆ ವಾಪಸ್ ಬನ್ನಿ. ಕಿವಿಯಲ್ಲಿ ಇಯರ್‌ಫೋನ್ ಬೇಡ. ತಿಳಿಬಣ್ಣದ ಬಟ್ಟೆ, ತಲೆಗೆ ಲೈಟು. ನಿಮ್ಮ ತಯಾರಿಯ ಮುಖ್ಯ ಭಾಗ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರತ್ತೆ. ಆಗ ಮೇಲೆ ಮಂಜು ಮುಸುಕಿ ಹತ್ತು ಹೆಜ್ಜೆ ಮುಂದೆ ಕಾಣಲ್ಲ, ಮರದ ನೆರಳಿರೋ ಕಡೆ ರಸ್ತೆ ಅಂಚಲ್ಲಿ ಪಾಚಿ ಕಟ್ಟಿರತ್ತೆ. ರಸ್ತೆ ಒದ್ದೆ ಇದ್ರೆ ಅವತ್ತು ವೇಗದ ಮಾತೇ ಬೇಡ. ಬಿಳಿ ಪಟ್ಟೆ ಬಳಿದ ಜಾಗ ಇನ್ನೂ ಜಾರತ್ತೆ. ಬಾಳೆಹಣ್ಣು ಪ್ಲಾಸ್ಟಿಕ್ ಕವರಲ್ಲಿ ಹಿಡ್ಕೊಂಡು ಹೋದ್ರೆ ಕೋತಿಗಳಿಗೆ ನೀವೇ ತಿಂಡಿ ಗಾಡಿ.

ಸುಲ್ತಾನ್‌ಪೇಟೆ ಕಡೆಯ 1,175 ಮೆಟ್ಟಿಲು ಹತ್ತೋಕೆ ಚೆನ್ನ, ಓಡ್ಕೊಂಡು ಇಳಿಯೋಕೆ ಅಲ್ಲ. ಕಲ್ಲು ಒಂದೊಂದೂ ಒಂದೊಂದು ಎತ್ತರ, ಲಯ ಸಿಗಲ್ಲ, ಪಾದ ಹೊರಳತ್ತೆ. ನಿಮ್ಮ ಓಟ ಟಾರು ರಸ್ತೆ ಮೇಲೆ, ಇದರಿಂದ ಉಪಯೋಗಾನೂ ಇಲ್ಲ.

ಸಣ್ಣ ಇಳಿಜಾರು ಬೇಕಂದ್ರೆ ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋಗೋ ದಿಕ್ಕು ನೋಡಿ. ಚಿಕ್ಕಬಳ್ಳಾಪುರ ಸುಮಾರು 915 ಮೀಟರ್, ಗೌರಿಬಿದನೂರು 694. ಇನ್ನೂರು ಮೀಟರ್‌ಗೂ ಜಾಸ್ತಿ ಇಳಿತ ಇದೆ. ಒಂದೇ ಸಮ ಇಳಿಯಲ್ಲ, ಏರಿಳಿತ ಇದೆ, ಅದೇ ನಿಮಗೆ ಬೇಕಾಗಿರೋದೂ. ಯಾವ ತುಣುಕು ಶೇ. 2ರ ಆಸುಪಾಸು ಇದೆ ಅಂತ ಮೊದಲು ಬೈಕಲ್ಲಿ ಹೋಗಿ ವಾಚಿನಲ್ಲಿ ಎತ್ತರ ದಾಖಲಿಸಿ, ಕಿ.ಮೀ.ಗೆ 20 ಮೀಟರ್ ಇಳಿಯೋ ಜಾಗ ಗುರುತು ಹಾಕ್ಕೊಳ್ಳಿ. ಬೆಳಿಗ್ಗೆ ಐದಕ್ಕೇ ಶುರು ಮಾಡಿ, ಸೊಪ್ಪು ಹೂವಿನ ಟೆಂಪೋಗಳು ಮಾರ್ಕೆಟ್‌ಗೆ ಓಡಾಡ್ತಾ ಇರ್ತವೆ, ಅವರು ನಿಮಗೆ ದಾರಿ ಬಿಡ್ತಾರೆ ಅನ್ಕೋಬೇಡಿ. ಬಾಗೇಪಲ್ಲಿ ಕಡೆನೂ ಇಳಿಜಾರಿದೆ, ಆದ್ರೆ ಅದು ಹೈವೇ, ಬೇಡ.

ತುಮಕೂರು ಪೇಸರ್:

ಮೂರು ವಾರ ಮುಂಚೆ ಕೊನೆ ಇಳಿಜಾರು ಅನ್ನೋದಕ್ಕೆ ನನ್ನದೊಂದು ತಕರಾರು. ಗಟ್ಟಿಯಾದದ್ದು ಮೂರು ವಾರ ಮುಂಚೆ ಸರಿ. ಆದ್ರೆ ಹತ್ತು ಹನ್ನೆರಡು ದಿನ ಮುಂಚೆ ಶೇ. 2ರಲ್ಲಿ 4 ಕಿ.ಮೀ. ಓಟದ ವೇಗದಲ್ಲಿ ಒಂದು ಇರಲಿ. ತೊಡೆಗೆ ಪೆಟ್ಟು ಬೀಳಲ್ಲ, ಕಾಲಿನ ಲಯ ಮರೆಯಲ್ಲ.

ಕೋಲಾರ ಫಿಸಿಯೋ:

ಒಪ್ಪಿದೆ, ನಂದಿ ಮಾತ್ರ ಬೇಡ. ಆ ಹೊತ್ತಲ್ಲಿ ನಂದಿ ಇಳಿಯೋ ಆಸೆ ಎಲ್ಲರಿಗೂ ಬರತ್ತೆ, ನಾನು ರೆಡಿ ಇದ್ದೀನಾ ಅಂತ ನೋಡ್ಕೊಳ್ಳೋಕೆ.

ಶಿಡ್ಲಘಟ್ಟ ರನ್ನರ್:

ತುಂಬಾ ಉಪಕಾರ ಆಯ್ತು. ಶೂ ಬಗ್ಗೆ ಯಾರೂ ಹೇಳಿಲ್ಲ. ಅಡಿಯೊಳಗೆ ಗಟ್ಟಿ ಕಾರ್ಬನ್ ಹಾಳೆ ಇರೋ ಕಾರ್ಬನ್ ಪ್ಲೇಟ್ ಶೂ ಹಾಕಬಹುದಾ? ಅಲ್ಲಿನ ದಾರಿ, ಬಸ್ಸು, ಚಳಿ ಬಗ್ಗೆ ಗೊತ್ತಿರೋರು ಯಾರಾದ್ರೂ ಇದ್ದೀರಾ?

ಕೋಲಾರ ಫಿಸಿಯೋ:

ಶೂ ಕೊಳ್ಳುವಾಗ ಸಂಜೆ ಹೋಗಿ, ಕಾಲು ಊದಿರತ್ತೆ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಬೇಕು, ಸಾಮಾನ್ಯ ಅಳತೆಗಿಂತ ಅರ್ಧ ಸೈಜ್ ದೊಡ್ಡದಾದ್ರೂ ಪರವಾಗಿಲ್ಲ. ಇಳಿಜಾರಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಶೂಗೆ ಬಡೀತಾ ಬಡೀತಾ ರಕ್ತ ಕಟ್ಟಿ ಕಪ್ಪಾಗತ್ತೆ. ಅದನ್ನ ತಡೆಯೋದು ಲೇಸ್ ಕಟ್ಟೋ ರೀತಿ. ಶೂನ ಮೇಲ್ತುದಿಯಲ್ಲಿ ಒಂದು ಎಕ್ಸ್‌ಟ್ರಾ ತೂತು ಇರತ್ತಲ್ಲ, ಲೇಸನ್ನ ಅದೇ ಬದಿಯ ಆ ತೂತಿಗೆ ಹೊರಗಿಂದ ಒಳಗೆ ಹಾಕಿದ್ರೆ ಸಣ್ಣ ಕುಣಿಕೆ ಆಗತ್ತೆ. ಎರಡೂ ಕಡೆ ಕುಣಿಕೆ ಮಾಡಿ, ಎಡದ ಲೇಸನ್ನ ಬಲದ ಕುಣಿಕೆಗೆ, ಬಲದ್ದನ್ನ ಎಡದ ಕುಣಿಕೆಗೆ ತೂರಿಸಿ ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಕದಲಲ್ಲ. ಬೆರಳ ಹತ್ತಿರದ ಲೇಸು ಸಡಿಲ ಇರಲಿ. ಉಗುರು ಮೂರು ನಾಲ್ಕು ದಿನ ಮೊದಲೇ ನೇರವಾಗಿ ಕತ್ತರಿಸಿ, ಹಿಂದಿನ ರಾತ್ರಿ ಅಲ್ಲ. ಪಾದದ ಮುಂಭಾಗದ ದಿಂಡಿಗೆ ವ್ಯಾಸಲೀನ್.

ಕಾರ್ಬನ್ ಶೂ ಹಾಕಬಾರದು ಅಂತೇನಿಲ್ಲ. ಆದ್ರೆ ಅಡಿ ಎತ್ತರ, ಅಗಲ ಕಡಿಮೆ, ರಸ್ತೆಯ ಅಂಚು ಓರೆ ಇದ್ದ ಕಡೆ ಪಾದ ತೂಗತ್ತೆ. ಅದೇ ಶೂ ಹಾಕ್ಕೊಂಡು ಶೇ. 2 ಇಳಿಜಾರಲ್ಲಿ 12 ಕಿ.ಮೀ. ಓಡಿ ನೋಡಿ, ಮೀನಖಂಡ, ಪಾದ ಸುಮ್ಮನಿದ್ರೆ ಹಾಕಿ. ಇಲ್ಲಾಂದ್ರೆ ದಪ್ಪ ಮೆತ್ತೆಯ ಮಾಮೂಲಿ ಶೂ. ಹಿಮ್ಮಡಿಯ ಹೊರಬದಿ ಸವೆದಿರೋ ಹಳೇ ಶೂ ಮಾತ್ರ ಬೇಡವೇ ಬೇಡ.

ಇನ್ನೊಂದು, ನೋವಿನ ಮಾತ್ರೆ. ಐಬುಪ್ರೊಫೆನ್ ಥರದ್ದು ಓಟದ ಮೊದಲೂ ಬೇಡ, ನಡುವೆಯೂ ಬೇಡ. ಸ್ನಾಯು ಹಾನಿ, ನೀರಿನ ಕೊರತೆ, ಮಾತ್ರೆ ಮೂರೂ ಸೇರಿದ್ರೆ ಹೊರೆ ಬೀಳೋದು ಮೂತ್ರಪಿಂಡಕ್ಕೆ. ಓಟದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದ್ರೆ ಸೀದಾ ಡಾಕ್ಟರ ಹತ್ರ ಹೋಗಿ, ನೀರು ಕುಡಿದ್ರೆ ಸರಿಹೋಗತ್ತೆ ಅಂತ ಕಾಯಬೇಡಿ.

ಮೈಲಿಗಲ್ಲು 26:

ಅಣ್ಣ, ದಾರಿಯ ವಿವರ ನಾನು ಕೊಡ್ತೀನಿ.

ಈ ಓಟ 1977ರಿಂದ ನಡೀತಾ ಇದೆ. ಯೂಟಾದ 18ನೇ ಹೆದ್ದಾರಿಯಲ್ಲಿ, ಪೈನ್ ವ್ಯಾಲಿ ಬೆಟ್ಟಗಳ ಕಡೆಯಿಂದ ದಕ್ಷಿಣಕ್ಕೆ. ಊರಲ್ಲಿ ಬೆಳಗಿನ ಜಾವ ಬಸ್ ಹತ್ತಿಸಿ ಮೇಲೆ ಬಿಡ್ತಾರೆ, ಸ್ವಂತ ಗಾಡಿಯಲ್ಲಿ ಶುರುವಿನ ಜಾಗಕ್ಕೆ ಹೋಗೋ ಹಾಗಿಲ್ಲ. ಓಟ 6:45ಕ್ಕೆ, ಇನ್ನೂ ಕತ್ತಲು. ಬಸ್ ಬೇಗ ಹತ್ತಿದ್ರೆ ಮೇಲೆ ಒಂದೂವರೆ ಎರಡು ಗಂಟೆ ಕಾಯಬೇಕಾಗತ್ತೆ. ಉಷ್ಣಾಂಶ ಸಾಮಾನ್ಯವಾಗಿ ಒಂದಂಕಿ ಸೆಲ್ಸಿಯಸ್. ಅಲ್ಲಲ್ಲಿ ಸೌದೆ ಬೆಂಕಿ ಹಾಕಿರ್ತಾರೆ. ಬೆಂಕಿ ಹತ್ರ ನೈಲಾನ್ ಜಾಕೆಟ್ ಹಾಕ್ಕೊಂಡು ನಿಲ್ಲಬೇಡಿ, ಕಿಡಿ ಬಿದ್ರೆ ತೂತಾಗತ್ತೆ. ಹೊಗೆ ಬರೋ ದಿಕ್ಕಿಗೂ ನಿಲ್ಲಬೇಡಿ, ಓಡುವಾಗ ಗಂಟಲು ಕೆರೆಯತ್ತೆ. ಬಿಸಾಕೋಕೆ ಬೇಜಾರಾಗದ ಹಳೇ ಸ್ವೆಟರ್, ಉಣ್ಣೆ ಟೋಪಿ, ಕೈಗವಸು, ಕೂರೋಕೆ ದೊಡ್ಡ ಪ್ಲಾಸ್ಟಿಕ್ ಚೀಲ ಒಯ್ಯಿರಿ. ಕೆಳಗೆ ಬರೋ ಹೊತ್ತಿಗೆ ಬಿಸಿಲು, ಇಪ್ಪತ್ತರ ಮೇಲೆ ಹೋಗಿರತ್ತೆ.

ಮೊದಲ ಏಳು ಮೈಲಿ, ಅಂದ್ರೆ 11 ಕಿ.ಮೀ. ಹಗುರ ಇಳಿಜಾರು, ಕತ್ತಲು, ಚಳಿ, ಸುತ್ತ ಸಾವಿರಾರು ಜನ. ಇಲ್ಲೇ ಎಲ್ಲರೂ ಕೆಡೋದು, ವೇಗ ಗೊತ್ತೇ ಆಗಲ್ಲ. ವೇಯೋ ಅನ್ನೋ ಹಳ್ಳಿ ದಾಟಿದ ಕೂಡಲೇ ಒಂದು ಮೈಲಿಯಷ್ಟು ಗಟ್ಟಿ ಏರು. ಪಕ್ಕದಲ್ಲೇ ಹಳೇ ಜ್ವಾಲಾಮುಖಿಯ ಕಪ್ಪು ಗುಡ್ಡ ಕಾಣತ್ತೆ. ಅದು ಮುಗಿದ ಮೇಲೂ ಹನ್ನೊಂದನೇ ಮೈಲಿವರೆಗೆ ರಸ್ತೆ ಸಣ್ಣಗೆ ಏರ್ತಾನೇ ಇರತ್ತೆ, ಕಣ್ಣಿಗೆ ಸಮತಟ್ಟು ಅನ್ನಿಸ್ತಿರತ್ತೆ, ಕಾಲಿಗೆ ಗೊತ್ತಾಗತ್ತೆ. ಆಮೇಲೆ ಡ್ಯಾಮರನ್ ವ್ಯಾಲಿ ದಾಟಿ ನಿಜವಾದ ಇಳಿಜಾರು. ಬಲಗಡೆ ಸ್ನೋ ಕ್ಯಾನ್ಯನ್‌ನ ಕೆಂಪು ಬಿಳಿ ಬಂಡೆಗಳು ತೆರ್ಕೊಳ್ಳೋದು ಈ ಭಾಗದಲ್ಲೇ. ಫೋಟೋ ತೆಗೆಯೋದಿದ್ರೆ ರಸ್ತೆಯ ಅಂಚಿಗೆ ಬಂದು ನಿಂತು ತೆಗೀರಿ, ಇಳಿಜಾರಲ್ಲಿ ಹಿಂದಿನವರಿಗೆ ತಕ್ಷಣ ನಿಲ್ಲೋಕಾಗಲ್ಲ. 19ನೇ ಮೈಲಿ ಹತ್ರ ಇನ್ನೊಂದು ಚಿಕ್ಕ ಏರಿದೆ, ಚಿಕ್ಕದೇ, ಆದ್ರೆ ಅಷ್ಟೊತ್ತು ಇಳಿದ ತೊಡೆ ಅಲ್ಲಿ ಏಕಾಏಕಿ ಸೆಳೆತ ಹಿಡಿಯತ್ತೆ. ಹೆಜ್ಜೆ ಕುಗ್ಗಿಸಿ ಹತ್ತಿ.

3:30ಕ್ಕೆ ಹಂಚಿಕೆ ಹೀಗೆ ಮಾಡಿ. ಮೊದಲ 11 ಕಿ.ಮೀ., ಪ್ರತಿ ಕಿ.ಮೀ.ಗೆ 4:55 ನಿಮಿಷ. ವೇಯೋ ಏರು, ಎರಡು ಕಿ.ಮೀ. ಅಂತ ಇಟ್ಕೊಳ್ಳಿ, 5:40. ಅಲ್ಲಿಂದ 19 ಕಿ.ಮೀ.ವರೆಗೆ 5:08. 19ರಿಂದ 31ರವರೆಗೆ 4:48, ಇದಕ್ಕಿಂತ ಜೋರು ಬೇಡ, ಎಷ್ಟೇ ಸಲೀಸು ಅನ್ನಿಸಿದ್ರೂ. ಕೊನೆಯ 11.2 ಕಿ.ಮೀ. 4:58. ಕೂಡಿಸಿದ್ರೆ 3:29:27 ಬರತ್ತೆ. ಅರ್ಧ ದಾರಿ 1:46ರ ಆಸುಪಾಸು, ಅದನ್ನ ನೋಡಿ ಹಿಂದೆ ಬಿದ್ದೆ ಅಂತ ಗಾಬರಿ ಬೀಳಬೇಡಿ. ಅಲ್ಲಿ ಗುರುತು ಕಲ್ಲು ಮೈಲಿಯಲ್ಲಿರತ್ತೆ, ಹಾಗಾಗಿ ಕೈಮೇಲೆ ಮೈಲಿ ಲೆಕ್ಕ ಬರ್ಕೊಳ್ಳಿ: 7:55, 9:07, 8:16, 7:43, 8:00.

ಒಣ ಹವೆ ಬಗ್ಗೆ. ನಮ್ಮ ಕಡೆ ಬೆವರು ಸುರಿಯೋದು ಕಾಣತ್ತೆ. ಅಲ್ಲಿ ಮೈಮೇಲೆ ಬರೋ ಮೊದಲೇ ಆರತ್ತೆ, ಬೆವರೇ ಬರ್ತಿಲ್ಲ ಅನ್ಕೊಂಡು ನೀರು ಬಿಡ್ತಾರೆ. ಬನಿಯನ್ ಮೇಲೆ ಬಿಳಿ ಉಪ್ಪಿನ ಗೆರೆ ಬಂದಿದ್ರೆ ಸುರಿದಿದೆ ಅಂತಲೇ ಅರ್ಥ. ಪ್ರತಿ ನೀರಿನ ಮೇಜಿನ ಹತ್ರ ಎರಡು ಗುಟುಕು. ಜೆಲ್ ಒಂದರಲ್ಲಿ ಸಾಮಾನ್ಯವಾಗಿ 22ರಿಂದ 25 ಗ್ರಾಂ ಕಾರ್ಬೋಹೈಡ್ರೇಟ್ ಇರತ್ತೆ, ಗಂಟೆಗೆ ಎರಡು ತಗೊಳ್ಳಿ. ಇಳಿಯುವಾಗ ಹೊಟ್ಟೆ ಕುಲುಕತ್ತೆ, ಹಾಗಾಗಿ ಜೆಲ್ ಏರು ಇರೋ ಕಡೆ ತಗೊಂಡ್ರೆ ಒಳ್ಳೇದು. ವೇಯೋ ಏರಿನ ಬುಡ ಅದಕ್ಕೆ ಸರಿಯಾದ ಜಾಗ.

ಈಗ ಗಡಿಯಾರ. ಯೂಟಾಕ್ಕೂ ನಮಗೂ ಆಗ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅಲ್ಲಿನ 6:45 ಅಂದ್ರೆ ಇಲ್ಲಿ ಸಂಜೆ 6:15, ಓಡೋಕೆ ದೇಹಕ್ಕೆ ಕಷ್ಟ ಇಲ್ಲ. ಕಷ್ಟ ನಿದ್ದೆದು. ಅಲ್ಲಿ ರಾತ್ರಿ 9ಕ್ಕೆ ಮಲಗಿದ್ರೆ ದೇಹದ ಗಡಿಯಾರದಲ್ಲಿ ಬೆಳಿಗ್ಗೆ 8:30. ಹಾಗಾಗಿ ಐದಾರು ದಿನ ಮುಂಚೆ ಹೋಗಿ, ಬೆಳಿಗ್ಗೆ ಬಿಸಿಲಲ್ಲಿ ಓಡಾಡಿ, ಮಧ್ಯಾಹ್ನ ನಿದ್ದೆ ಎಳೆದ್ರೂ ಮಲಗಬೇಡಿ.

ಹೆಚ್ಚಿನವರು ಲಾಸ್ ವೇಗಸ್‌ಗೆ ಇಳಿದು ಅಲ್ಲಿಂದ ರಸ್ತೆಯಲ್ಲಿ ಹೋಗ್ತಾರೆ, ಸುಮಾರು 190 ಕಿ.ಮೀ., ಎರಡು ಗಂಟೆ. ಇಲ್ಲೊಂದು ಎಡವಟ್ಟಿದೆ. ನೆವಾಡಾಗಿಂತ ಯೂಟಾ ಒಂದು ಗಂಟೆ ಮುಂದೆ. ನಡುವೆ ಸ್ವಲ್ಪ ಹೊತ್ತು ಅರಿಜೋನಾ ಮೂಲೆ ದಾಟ್ತೀರಿ, ಅವರು ಬೇಸಿಗೆ ಸಮಯ ಪಾಲಿಸಲ್ಲ. ಫೋನು ಹಿಂದೆ ಮುಂದೆ ಆಗ್ತಾ ಇರತ್ತೆ. ಬಿಬ್ (ಎದೆ ಮೇಲೆ ಹಾಕ್ಕೊಳ್ಳೋ ಓಟದ ಸಂಖ್ಯೆ) ಕೊಡೋ ಕೌಂಟರ್ ಮುಚ್ಚೋ ಹೊತ್ತಿಗೆ ವೇಗಸ್ ಸಮಯ ನಂಬ್ಕೊಂಡು ಹೊರಟ್ರೆ ಒಂದು ಗಂಟೆ ತಡ. ಊರು ಮುಟ್ಟಿದ ಮೇಲೆ ಫೋನಿನ ಸಮಯವನ್ನ ಕೈಯಾರೆ ಯೂಟಾಕ್ಕೆ ಇಟ್ಟು ಅಲಾರಂ ಹಾಕಿ. ಬಿಬ್ ತರೋಕೆ ಪಾಸ್‌ಪೋರ್ಟ್‌ನ ಮೂಲಪ್ರತಿ ಒಯ್ಯಿರಿ.

ಶಿಡ್ಲಘಟ್ಟ ರನ್ನರ್:

ಅಣ್ಣ, ಊಟಕ್ಕೆ ಇಲ್ಲಿಂದ ಏನು ಒಯ್ಯಬಹುದು? ಓಟದ ಮಾರನೇ ದಿನವೇ ವಾಪಸ್ ಟಿಕೆಟ್ ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಲಾ?

ಮೈಲಿಗಲ್ಲು 26:

ಹಣ್ಣು, ತರಕಾರಿ, ಮಾಂಸ ಬೇಡ. ಅಂಗಡಿಯ ಪ್ಯಾಕಿನಲ್ಲಿರೋ ರವೆ ಉಪ್ಪಿಟ್ಟಿನ ಮಿಕ್ಸ್, ಅವಲಕ್ಕಿ, ಕಡಲೆಕಾಯಿ ಚಿಕ್ಕಿ ಇರಲಿ, ಒಯ್ತಿದ್ದೀನಿ ಅಂತ ಅಲ್ಲಿನ ಕಸ್ಟಮ್ಸ್‌ನವರಿಗೆ ಹೇಳಿಬಿಡಿ. ರೂಮಲ್ಲಿ ಮೈಕ್ರೋವೇವ್ ಇದೆಯಾ ಅಂತ ಬುಕ್ ಮಾಡುವಾಗಲೇ ನೋಡಿ, ಉಪ್ಪಿಟ್ಟು ಅದರಲ್ಲೇ ಆಗತ್ತೆ. ಅನ್ನ, ಆಲೂಗೆಡ್ಡೆ, ಬ್ರೆಡ್ಡು ಅಲ್ಲೇ ಸಿಗತ್ತೆ. ಹಿಂದಿನ ದಿನ ಬೇಳೆಕಾಳು, ಸೊಪ್ಪು ಕಡಿಮೆ ಮಾಡಿ, ಬೆಳಗಿನ ಜಾವ ಬಸ್‌ನಲ್ಲಿ ಹೊಟ್ಟೆ ಕಾಡಬಾರದು. ಶೂ, ಓಟದ ಬಟ್ಟೆ, ವಾಚು ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗ್ ಬರದೇ ಹೋದ್ರೂ ಓಡಬಹುದು. ಜೆಲ್‌ಗಳು ಮಾತ್ರ ದೊಡ್ಡ ಬ್ಯಾಗಿಗೆ, ದ್ರವ ಅಂತ ತಡೆದ್ರೂ ತಡೀಬಹುದು.

ಮಾರನೇ ದಿನದ ಟಿಕೆಟ್ ಬೇಡ. ಇಪ್ಪತ್ತು ಗಂಟೆಗೂ ಮೇಲೆ ಕಾಲು ಮಡಚಿ ಕೂರಬೇಕು, ಅದೂ ಹಾನಿಯಾದ ಸ್ನಾಯು, ಕಡಿಮೆ ನೀರಿನ ಮೈ. ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಇರತ್ತೆ. ಎರಡು ಮೂರು ದಿನ ಬಿಟ್ಟು ಹೊರಡಿ, ಓಡಾಡೋ ದಾರಿಯ ಪಕ್ಕದ ಸೀಟು ತಗೊಳ್ಳಿ, ಗಂಟೆಗೊಮ್ಮೆ ಎದ್ದು ಓಡಾಡಿ. ಒಂದೇ ಮೀನಖಂಡ ಊದಿ ಬಿಸಿಯಾದ್ರೆ ಸ್ನಾಯು ನೋವು ಅಂತ ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ಪ್ರಯಾಣ ವಿಮೆ ತಗೊಳ್ಳುವಾಗ ಕ್ರೀಡಾ ಸ್ಪರ್ಧೆಯಲ್ಲಿ ಆದ ಗಾಯಕ್ಕೆ ಹಣ ಕೊಡಲ್ಲ ಅನ್ನೋ ಸಾಲು ಇದೆಯಾ ಅಂತ ಓದಿ. ಎಷ್ಟೋ ಪಾಲಿಸಿಯಲ್ಲಿ ಇರತ್ತೆ, ಅಲ್ಲಿ ಎಮರ್ಜೆನ್ಸಿಗೆ ಒಂದು ಸಲ ಕಾಲಿಟ್ರೆ ಬಿಲ್ಲು ವಿಮಾನದ ಟಿಕೆಟ್ ದಾಟತ್ತೆ.

ಸುಲ್ತಾನ್‌ಪೇಟೆ ಮೆಟ್ಲು:

ಟಿಕೆಟ್ ಇರಲಿ, ಮೊದಲು ವೀಸಾ ಕೈಗೆ ಬರಲಿ ಸರ್. ಸಂದರ್ಶನದ ದಿನಾಂಕಕ್ಕೇ ತಿಂಗಳುಗಟ್ಟಲೆ ಕಾಯಿಸ್ತಾರೆ. ಓಟದ ಶುಲ್ಕ ಕಟ್ಟೋ ಮುಂಚೆ ವಾಪಸ್ ಕೊಡ್ತಾರಾ, ಮುಂದಿನ ವರ್ಷಕ್ಕೆ ಹಾಕ್ಕೊಡ್ತಾರಾ ಅಂತ ನಿಯಮ ಓದಿ. ಮತ್ತೆ ಈ ಬುಧವಾರ ಗೌರಿಬಿದನೂರು ರಸ್ತೆ ಅಳೆಯೋಕೆ ಬೈಕಲ್ಲಿ ಹೊರಡೋದಿದ್ರೆ ಇಲ್ಲೇ ಹೇಳಿ, ಮಂಚೇನಹಳ್ಳಿಯಿಂದ ನಾನೂ ಸೇರ್ಕೊಳ್ತೀನಿ.